ಒಂದು ಪ್ರಶ್ನೆಯನ್ನು ಹತ್ತು ವರ್ಷ ಸಾಕುವುದು ಹೇಗೆ: ಕರಾವಳಿಯ ಯುವ ವೈದ್ಯರಿಗೊಂದು ಮಾರ್ಗದರ್ಶಿ

ಎಂಡಿ ಮುಗಿಸಿ ಸೀನಿಯರ್ ರೆಸಿಡೆಂಟ್ ಆಗಿ ಸೇರಿದ ಕಿರಿಯರು ಪ್ರತಿವರ್ಷವೂ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಸರ್, ಬೆಳಿಗ್ಗೆ ರೌಂಡ್ಸ್, ಆಮೇಲೆ ಓಪಿಡಿ, ಸಂಜೆ ಮತ್ತೆ ವಾರ್ಡ್. ಇದರ ನಡುವೆ ಸಂಶೋಧನೆ ಮಾಡುವುದು ಯಾವಾಗ, ಪಾಠ ಮಾಡುವುದು ಯಾವಾಗ?" ಈ ಪ್ರಶ್ನೆಯೊಳಗೆ ಒಂದು ತಪ್ಪು ಲೆಕ್ಕಾಚಾರವಿದೆ. ಚಿಕಿತ್ಸೆ, ಸಂಶೋಧನೆ, ಬೋಧನೆ, ಆಡಳಿತ ಇವು ನಾಲ್ಕು ಬೇರೆ ಬೇರೆ ಉದ್ಯೋಗಗಳೆಂದು ಭಾವಿಸಿ ದಿನದ ಗಂಟೆಗಳನ್ನು ಪಾಲು ಹಾಕಲು ಹೊರಟವರು ಎರಡು ಮೂರು ವರ್ಷಗಳಲ್ಲಿ ದಣಿದು ಕೈಬಿಟ್ಟದ್ದನ್ನು ನಾನು ನೋಡಿದ್ದೇನೆ. ತಮ್ಮ ವಾರ್ಡಿನಲ್ಲೇ ಹುಟ್ಟಿದ ಒಂದು ಪ್ರಶ್ನೆಯನ್ನು ಹಿಡಿದು, ಪಾಠವನ್ನೂ ಪಿಜಿಗಳ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳ, ಥೀಸಿಸನ್ನೂ ಕೊನೆಗೆ ವಿಭಾಗದ ಕೆಲಸವನ್ನೂ ಅದರ ಸುತ್ತಲೇ ಹೆಣೆದುಕೊಂಡವರು ಉಳಿದುಕೊಂಡದ್ದನ್ನೂ ನೋಡಿದ್ದೇನೆ. ಆ ಪ್ರಶ್ನೆಯನ್ನು ಹುಡುಕುವುದರಿಂದ ತೊಡಗಿ ಅದನ್ನು ಮುಂದಿನವರ ಕೈಗೆ ಒಪ್ಪಿಸುವವರೆಗಿನ ಕ್ರಮವನ್ನು, ನಾನು ಎಡವಿದ ಜಾಗಗಳನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಬೇಕಾದ ನೆಲ ಹದವಾಗಿಯೇ ಇದೆ. ಮಣಿಪಾಲದಲ್ಲಿ 1953ರಲ್ಲಿ ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದು, ಎರಡೇ ವರ್ಷಗಳಲ್ಲಿ ಅದು ಮಂಗಳೂರಿಗೂ ಬಂದು, ಜಿಲ್ಲಾಸ್ಪತ್ರೆಯಾದ ವೆನ್ಲಾಕ್‌ನ ವಾರ್ಡುಗಳು ವಿದ್ಯಾರ್ಥಿಗಳಿಗೆ ಪಾಠಶಾಲೆಯಾದವು. ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಕಾಲೇಜುಗಳು, ಕುಂಟಿಕಾನದ ಎ.ಜೆ. ಹೀಗೆ ಹೆದ್ದಾರಿಯುದ್ದಕ್ಕೂ ಒಂದರ ಹಿಂದೊಂದು ಬೋಧನಾ ಆಸ್ಪತ್ರೆಗಳು ಬಂದಿವೆ. ರೋಗಿಗಳಿಗೂ ಕೊರತೆಯಿಲ್ಲ, ಕಾಯಿಲೆಗಳಿಗೂ ಕೊರತೆಯಿಲ್ಲ. ಕೊರತೆಯಿರುವುದು ಒಂದು ವಿಷಯವನ್ನು ಬಿಡದೆ ಹಿಂಬಾಲಿಸುವ ಅಭ್ಯಾಸಕ್ಕೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಹುಡುಕುವುದು

ಗ್ರಂಥಾಲಯದಲ್ಲಿ ಕುಳಿತು ವಿಷಯ ಹುಡುಕಬೇಡಿ. ಏಪ್ರನ್ ಜೇಬಿನಲ್ಲಿ ಹಿಡಿಯುವ ಒಂದು ಪುಸ್ತಕವನ್ನು ಇಟ್ಟುಕೊಂಡು, ರೌಂಡ್ಸ್ ಮುಗಿದ ಮೇಲೆ ದಿನಕ್ಕೆ ಒಂದೇ ಸಾಲು ಬರೆಯಿರಿ: ಇವತ್ತು ನನಗೆ ಉತ್ತರ ಗೊತ್ತಿಲ್ಲದೆ ನಿರ್ಧಾರ ಮಾಡಿದ ವಿಷಯ ಯಾವುದು? ಮಳೆಗಾಲದ ಮೂರು ತಿಂಗಳು ಇದನ್ನು ಮಾಡಿದರೆ ಸಾಕು, ಒಂದೇ ಸಾಲು ಮತ್ತೆ ಮತ್ತೆ ಬರುವುದು ಕಾಣುತ್ತದೆ. ಜೂನ್ ಬಂತೆಂದರೆ ನಮ್ಮ ವಾರ್ಡುಗಳಲ್ಲಿ ಜ್ವರದ ರೋಗಿಗಳು ತುಂಬುತ್ತಾರೆ. ಇಲಿಜ್ವರ, ಡೆಂಗಿ, ಮಲೇರಿಯಾ, ಸ್ಕ್ರಬ್ ಟೈಫಸ್ ಇವೆಲ್ಲದರಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು, ಎಲ್ಲದರಲ್ಲೂ ಮೈಕೈ ನೋವು ಇರುತ್ತದೆ, ಮೊದಲ ದಿನಗಳಲ್ಲಿ ರಕ್ತಪರೀಕ್ಷೆಯ ಉತ್ತರವೂ ಸ್ಪಷ್ಟವಿರುವುದಿಲ್ಲ. ಗದ್ದೆಯಿಂದ ಬಂದವರಿಗೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕನ್ನು ಇಂದೇ ಕೊಡಬೇಕೇ, ಪರೀಕ್ಷೆಯ ವರದಿ ಬರುವವರೆಗೆ ಕಾಯಬಹುದೇ ಎಂಬುದು ಹೌಸ್ ಸರ್ಜನ್ ಕೇಳುವ ಪ್ರಶ್ನೆಯೂ ಹೌದು, ಒಳ್ಳೆಯ ಸಂಶೋಧನೆಯ ಬೀಜವೂ ಹೌದು.

ಇಂಥ ಬೀಜ ಎಷ್ಟು ದೂರ ಬೆಳೆಯಬಹುದೆಂಬುದಕ್ಕೆ ನಮ್ಮ ಊರಿನ ನಂಟಿರುವ ಉದಾಹರಣೆಯೇ ಇದೆ. ದೇರಳಕಟ್ಟೆಯ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು ಕ್ಷಯರೋಗ ಮತ್ತು ಅಪೌಷ್ಟಿಕತೆಯ ಸಂಬಂಧವನ್ನು ಹಲವು ವರ್ಷ ಬೆನ್ನುಹತ್ತಿದವರು. ಛತ್ತೀಸ್‌ಗಢದ ಗ್ರಾಮೀಣ ರೋಗಿಗಳ ತೂಕ ಎಷ್ಟು ಕಡಿಮೆಯಿದೆ, ಕಡಿಮೆ ತೂಕದವರು ಎಷ್ಟು ಹೆಚ್ಚು ಸಾಯುತ್ತಾರೆ ಎಂದು ತೋರಿಸಿದ ಲೇಖನ 2013ರಲ್ಲಿ ಬಂತು. ಅದರ ಮೂಲ ಸಾಮಗ್ರಿ ರೋಗಿಗಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಬರೆದುಕೊಂಡ ಅಂಕಿ, ಅಷ್ಟೇ. ಹತ್ತು ವರ್ಷಗಳ ಬಳಿಕ, 2023ರಲ್ಲಿ, ಝಾರ್ಖಂಡ್‌ನಲ್ಲಿ ನಡೆಸಿದ 'ರೇಷನ್ಸ್' ಅಧ್ಯಯನದ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಮತ್ತು ಸೂಕ್ಷ್ಮ ಪೋಷಕಾಂಶಗಳನ್ನು ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಮನೆಮಂದಿಯನ್ನು ಒಳಗೊಂಡ ಆ ದೊಡ್ಡ ಅಧ್ಯಯನಕ್ಕೆ ಬೇಕಾದ ಪ್ರಶ್ನೆ ಒಂದು ತೂಕದ ಯಂತ್ರದ ಬಳಿ ಹುಟ್ಟಿದ್ದೆಂಬುದನ್ನು ನಾನು ಪ್ರತಿವರ್ಷ ಹೊಸ ಪಿಜಿಗಳಿಗೆ ಹೇಳುತ್ತೇನೆ, ಏಕೆಂದರೆ ಅವರಲ್ಲಿ ಹೆಚ್ಚಿನವರು ಸಂಶೋಧನೆಯೆಂದರೆ ಜೀನ್ ಮತ್ತು ದುಬಾರಿ ಯಂತ್ರ ಎಂದುಕೊಂಡು ಬಂದಿರುತ್ತಾರೆ.

ಪುಸ್ತಕದ ಸಾಲುಗಳಿಂದ ಒಂದನ್ನು ಆರಿಸುವಾಗ ಮೂರು ವಿಷಯ ನೋಡಿ. ಆ ಕಾಯಿಲೆ ನಿಮ್ಮ ಯೂನಿಟ್ಟಿಗೆ ಸಾಕಷ್ಟು ಬರುತ್ತದೆಯೇ? ಉತ್ತರ ಸಿಕ್ಕಿದರೆ ನಾಳೆ ನಿಮ್ಮ ಚಿಕಿತ್ಸೆ ಬದಲಾಗುತ್ತದೆಯೇ? ಈಗ ಇರುವ ಲ್ಯಾಬು, ಈಗ ಇರುವ ಜನ, ಇಷ್ಟರಲ್ಲೇ ಅದನ್ನು ಮಾಡಬಹುದೇ? ಎರಡನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದರೆ ವಿಷಯ ಎಷ್ಟೇ ಹೊಸದಾಗಿದ್ದರೂ ಬಿಟ್ಟುಬಿಡಿ.

ಎರಡನೆಯ ಹೆಜ್ಜೆ: ಬರೆಯುವ ಮೊದಲು ಎಣಿಸುವುದು

ಇಲ್ಲಿ ನನ್ನ ಸ್ವಂತ ಮುಗ್ಗರಿಕೆಯನ್ನು ಹೇಳಲೇಬೇಕು. ನನ್ನ ಥೀಸಿಸ್‌ಗೆ ಒಂದು ಕಾಯಿಲೆಯ 120 ರೋಗಿಗಳು ಸಿಗುತ್ತಾರೆಂದು ಧೈರ್ಯವಾಗಿ ಬರೆದುಕೊಟ್ಟಿದ್ದೆ. ವಾರ್ಡಿನಲ್ಲಿ ಯಾವಾಗ ನೋಡಿದರೂ ಇಬ್ಬರು ಮೂವರು ಇದ್ದೇ ಇರುತ್ತಾರೆಂಬ ನೆನಪೇ ಅದಕ್ಕೆ ಆಧಾರ. ಒಬ್ಬ ರೋಗಿಯೇ ಮೂರು ವಾರ ಮಲಗಿದ್ದರೆ ಅವನು ಪ್ರತಿದಿನವೂ ಕಣ್ಣಿಗೆ ಬೀಳುತ್ತಾನೆ ಎಂಬ ಸರಳ ವಿಷಯ ಆಗ ಹೊಳೆದಿರಲಿಲ್ಲ. ಅವಧಿ ಮುಗಿಯುವಾಗ ಕೈಯಲ್ಲಿದ್ದದ್ದು 41. ಉಳಿದದ್ದನ್ನು ಏನು ಮಾಡಿ ತುಂಬಿಸಬೇಕೆಂದು ಸಲಹೆ ಕೊಡುವವರು ಬೇಕಷ್ಟು ಇದ್ದರು, ಆ ಸಲಹೆಗಳನ್ನು ಇಲ್ಲಿ ಬರೆಯುವುದಿಲ್ಲ. ನಾನು 41ರಲ್ಲೇ ಬರೆದು, ಮೌಖಿಕ ಪರೀಕ್ಷೆಯಲ್ಲಿ ಬೈಸಿಕೊಂಡು ಹೊರಬಂದೆ.

ಆದ್ದರಿಂದ ಸಿನಾಪ್ಸಿಸ್, ಅಂದರೆ ಅಧ್ಯಯನದ ಯೋಜನಾ ಪತ್ರ, ಬರೆಯುವ ಮೊದಲು ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಹೋಗಿ, ಕಳೆದ ವರ್ಷದ ಜನವರಿಯಿಂದ ಡಿಸೆಂಬರಿನವರೆಗೆ ಆ ಕಾಯಿಲೆಯ ಹೆಸರಿನಲ್ಲಿ ಎಷ್ಟು ಮಂದಿ ದಾಖಲಾದರೆಂದು ತಿಂಗಳುವಾರು ಎಣಿಸಿ. ಅಲ್ಲಿಯ ಸಿಬ್ಬಂದಿ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದಿರುವವರು, ಎಲ್ಲರಿಗಿಂತ ಕಡಿಮೆ ಮರ್ಯಾದೆ ಪಡೆಯುವವರೂ ಅವರೇ. ಎಣಿಸಿದ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆಂದು ನಂಬಬೇಡಿ. ಕೆಲವರು ಒಪ್ಪುವುದಿಲ್ಲ, ಕೆಲವರು ಮಾನದಂಡಕ್ಕೆ ಹೊಂದುವುದಿಲ್ಲ, ಕೆಲವರು ನಿಮ್ಮ ರಜೆಯ ದಿನ ಬಂದು ಹೋಗಿರುತ್ತಾರೆ.

ಬಳಿಕ ಸಂಖ್ಯಾಶಾಸ್ತ್ರಜ್ಞರ ಬಳಿ ಹೋಗಿ. ಮಾಹಿತಿ ಸಂಗ್ರಹಿಸಿದ ಮೇಲೆ ಹೋಗುವುದು ಅಡಿಪಾಯ ಹಾಕಿದ ಮೇಲೆ ಎಂಜಿನಿಯರನ್ನು ಕರೆದಂತೆ. ಮಾದರಿಯ ಗಾತ್ರದ ಲೆಕ್ಕ ಅಂಥ ಮಂತ್ರವೇನೂ ಅಲ್ಲ. ಜ್ವರದ ರೋಗಿಗಳಲ್ಲಿ ಶೇ. 20 ಮಂದಿಗೆ ಮೂತ್ರಪಿಂಡದ ತೊಂದರೆ ಇರಬಹುದೆಂದು ಅಂದಾಜಿದ್ದು, ನಿಜವಾದ ಪ್ರಮಾಣವನ್ನು ಶೇ. 95ರ ವಿಶ್ವಾಸದಲ್ಲಿ ಆಚೀಚೆ 5ರ ಅಂತರದೊಳಗೆ ತಿಳಿಯಬೇಕೆಂದರೆ 246 ಮಂದಿ ಬೇಕು. ಆಚೀಚೆ 10 ಆದರೂ ಅಡ್ಡಿಯಿಲ್ಲವೆಂದರೆ 62 ಸಾಕು. ಐವರಲ್ಲಿ ಒಬ್ಬರು ಮಧ್ಯದಲ್ಲಿ ಬಿಟ್ಟುಹೋಗಬಹುದಾದರೆ ಆ 246 ಎಂಬುದು 308 ಆಗುತ್ತದೆ. ಈ ಮೂರು ಅಂಕಿಗಳನ್ನು ರೆಕಾರ್ಡ್ಸ್ ವಿಭಾಗದ ಎಣಿಕೆಯ ಪಕ್ಕದಲ್ಲಿಟ್ಟು ನೋಡಿದರೆ, ನಿಮ್ಮ ಪ್ರಶ್ನೆಗೆ ಒಂದು ವರ್ಷ ಸಾಕೇ ಮೂರು ವರ್ಷ ಬೇಕೇ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಮೂರನೆಯ ಹೆಜ್ಜೆ: ಅನುಮತಿ, ಮತ್ತು ರೋಗಿಯ ಒಪ್ಪಿಗೆ

ಕ್ರಮ ಹೀಗಿದೆ: ಮೊದಲು ವಿಭಾಗದ ಅಥವಾ ಸಂಸ್ಥೆಯ ವೈಜ್ಞಾನಿಕ ಸಮಿತಿ, ಬಳಿಕ ನೈತಿಕ ಸಮಿತಿ, ಚಿಕಿತ್ಸಾ ಪ್ರಯೋಗವಾದರೆ ಸಿಟಿಆರ್‌ಐ ನೋಂದಣಿ, ಆಮೇಲೆ ಮೊದಲ ರೋಗಿ. ಭಾರತದ ಈ ಪ್ರಯೋಗ ನೋಂದಣಿ ವ್ಯವಸ್ಥೆ 2007ರಲ್ಲಿ ತೆರೆದುಕೊಂಡಿತು. ಮೊದಲ ರೋಗಿಯನ್ನು ಸೇರಿಸಿಕೊಂಡ ಮೇಲೆ ನೋಂದಾಯಿಸುವ ಸೌಲಭ್ಯ 2018ರ ಏಪ್ರಿಲ್‌ನಿಂದ ಇಲ್ಲ. ನೋಂದಣಿಗೆ ಶುಲ್ಕವಿಲ್ಲ, ಆದರೆ ಅವರು ಕೇಳುವ ಸ್ಪಷ್ಟೀಕರಣಗಳಿಗೆ ಉತ್ತರಿಸಲು ಕೆಲವು ವಾರ ಬೇಕಾಗಬಹುದಾದ್ದರಿಂದ ಅಷ್ಟನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಹೊಸ ಔಷಧದ ಪ್ರಯೋಗಗಳಿಗೆ 2019ರ ನಿಯಮಾವಳಿ ಅನ್ವಯಿಸುತ್ತದೆ, ಉಳಿದ ಜೈವಿಕ-ವೈದ್ಯಕೀಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯೇ ಕೈದೀಪ. ಔಷಧ ಪ್ರಯೋಗದಲ್ಲಿ ಗಂಭೀರವಾದ ಅಡ್ಡಪರಿಣಾಮ ಕಂಡರೆ 24 ಗಂಟೆಯೊಳಗೆ ವರದಿ ಮಾಡುವುದು ಸಂಶೋಧಕನ ಹೊಣೆ. ಭಾನುವಾರವಾಗಿತ್ತು ಎಂಬ ಕಾರಣ ನಡೆಯುವುದಿಲ್ಲ.

ನೈತಿಕ ಸಮಿತಿಯಲ್ಲಿ ವೈದ್ಯರ ಜೊತೆ ಕಾನೂನು ತಿಳಿದವರೂ ಒಬ್ಬ ಸಾಮಾನ್ಯ ನಾಗರಿಕರೂ ಇರುತ್ತಾರೆ, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರುತ್ತಾರೆ. ಹೆಚ್ಚಿನ ಕಿರಿಯರು ವೈದ್ಯ ಸದಸ್ಯರ ಪ್ರಶ್ನೆಗಳಿಗೆ ಸಿದ್ಧವಾಗಿ ಹೋಗಿ ಆ ಸಾಮಾನ್ಯ ನಾಗರಿಕರ ಪ್ರಶ್ನೆಗೆ ತಡವರಿಸುತ್ತಾರೆ: "ಈ ರಕ್ತ ತೆಗೆಯುವುದು ರೋಗಿಯ ಚಿಕಿತ್ಸೆಗೋ ನಿಮ್ಮ ಅಧ್ಯಯನಕ್ಕೋ? ದುಡ್ಡು ಯಾರು ಕೊಡುವುದು?" ಮೊದಲು ಆ ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ.

ಒಪ್ಪಿಗೆ ಪತ್ರದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಅದು ಬೇರೆಡೆಯಷ್ಟು ಸುಲಭವಲ್ಲ. ಪತ್ರ ಕನ್ನಡದಲ್ಲಿ ಇರುತ್ತದೆ. ಹಾಸಿಗೆಯಲ್ಲಿರುವವರು ಮನೆಯಲ್ಲಿ ತುಳು ಮಾತನಾಡುವವರು, ಬ್ಯಾರಿ ಮಾತನಾಡುವವರು, ಕೊಂಕಣಿ ಮಾತನಾಡುವವರು, ಕಾಸರಗೋಡಿನಿಂದ ಬಂದು ಮಲಯಾಳ ಮಾತ್ರ ಓದುವವರು. ಕನ್ನಡ ಓದಬಲ್ಲವರಿಗೂ 'ಯಾದೃಚ್ಛಿಕ ವಿಂಗಡಣೆ' ಎಂದರೆ ಏನೂ ಅರ್ಥವಾಗದು, ನನಗೂ ಮೊದಲ ಸಲ ಅರ್ಥವಾಗಿರಲಿಲ್ಲ. 'ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವ ಔಷಧ ಎಂಬುದನ್ನು ನಾವೂ ಆರಿಸುವುದಿಲ್ಲ' ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದ್ದರಿಂದ ಇಂಗ್ಲಿಷಿನ ಪತ್ರವನ್ನು ಕನ್ನಡಕ್ಕೆ ತಂದ ಮೇಲೆ ಮೂಲವನ್ನು ನೋಡದ ಇನ್ನೊಬ್ಬರಿಂದ ಅದನ್ನು ಮರಳಿ ಇಂಗ್ಲಿಷಿಗೆ ತರಿಸಿ ಹೋಲಿಸಿ. ಅಷ್ಟೇ ಅಲ್ಲದೆ ತುಳುವಿನಲ್ಲಿ ಮತ್ತು ಬ್ಯಾರಿಯಲ್ಲಿ ಬಾಯಿಮಾತಿನಲ್ಲಿ ವಿವರಿಸಬೇಕಾದ ಹತ್ತು ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದಿಟ್ಟುಕೊಂಡು, ಎಲ್ಲ ಪಿಜಿಗಳೂ ಅದನ್ನೇ ಹೇಳುವಂತೆ ಮಾಡಿ. ಅದರಲ್ಲಿ ಒಂದು ವಾಕ್ಯ ತಪ್ಪಬಾರದು: "ಈರ್ ಬೊಡ್ಚಿ ಪಂಡಲಾ ಮರ್ದ್ ಕೊರ್ಪ", ಅಂದರೆ ನೀವು ಅಧ್ಯಯನ ಬೇಡವೆಂದರೂ ನಿಮ್ಮ ಕಾಯಿಲೆಗೆ ಔಷಧ ಕೊಡುತ್ತೇವೆ.

ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ವಿವರಣೆಯ ಹೊತ್ತಿಗೆ ಪೂರ್ತಿ ಅಲ್ಲಿದ್ದು ಸಹಿ ಮಾಡಬೇಕು. ನಿಮ್ಮ ಯೂನಿಟ್ಟಿನ ಸಿಸ್ಟರ್ ಆ ಸಾಕ್ಷಿಯಾಗಲಾರರು. ಇದಕ್ಕಿಂತ ಕಷ್ಟದ್ದು ಮರ್ಯಾದೆಯ ಒಪ್ಪಿಗೆ. "ಆಯ್ತು ಡಾಕ್ಟ್ರೇ, ನೀವು ಹೇಳಿದ ಹಾಗೆ" ಎಂದು ವಯಸ್ಸಾದವರು ತಲೆಯಾಡಿಸಿದರೆ ಅದು ನಿಮ್ಮ ಮೇಲಿನ ನಂಬಿಕೆ, ಅಧ್ಯಯನಕ್ಕೆ ಕೊಟ್ಟ ಒಪ್ಪಿಗೆಯಲ್ಲ. ಚಿಕಿತ್ಸೆ ನೀಡುವ ವೈದ್ಯರೇ ಒಪ್ಪಿಗೆ ಕೇಳದಿರುವುದು, ಪತ್ರವನ್ನು ಒಂದು ರಾತ್ರಿ ಮನೆಯವರ ಕೈಯಲ್ಲಿ ಬಿಡುವುದು, ಮರುದಿನ ರೋಗಿಯ ಬಾಯಿಂದಲೇ "ನಾವು ಏನು ಮಾಡುತ್ತೇವೆಂದು ಹೇಳಿದೆವು?" ಎಂದು ಕೇಳಿ ತಿಳಿಯುವುದು ಇವು ಮೂರೂ ನನ್ನ ಅನುಭವದಲ್ಲಿ ಕೆಲಸ ಮಾಡಿವೆ. ಇದರಿಂದ ಕೆಲವರು ಬೇಡವೆಂದರು. ಒಪ್ಪಿಗೆ ನಿಜವಾಗಿತ್ತೆಂಬುದಕ್ಕೆ ಅದೇ ಗುರುತು.

ನಾಲ್ಕನೆಯ ಹೆಜ್ಜೆ: ಊರಿನ ಪಂಚಾಂಗ ನೋಡಿ ಫಾಲೋಅಪ್ ಇಡುವುದು

ಅಧ್ಯಯನಗಳು ಸೋಲುವುದು ಹೆಚ್ಚಾಗಿ ಮೂರನೆಯ ಭೇಟಿಯಲ್ಲಿ. ಮಲ್ಪೆಯ ಮೀನುಗಾರರನ್ನು ಆಗಸ್ಟ್ ತಿಂಗಳಿನಲ್ಲಿ ಮರುಪರೀಕ್ಷೆಗೆ ಕರೆದರೆ ಯಾರೂ ಬರುವುದಿಲ್ಲ, ಏಕೆಂದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಆಗಷ್ಟೇ ಮುಗಿದು ದೋಣಿಗಳು ಕಡಲಿಗೆ ಇಳಿದಿರುತ್ತವೆ. ಅವರ ಭೇಟಿಗಳನ್ನು ಆ ಎರಡು ತಿಂಗಳೊಳಗೆ ಇಟ್ಟುಕೊಳ್ಳಬೇಕು. ಮಧುಮೇಹದ ಅಧ್ಯಯನವಾದರೆ ರಂಜಾನ್ ಎಲ್ಲಿ ಬೀಳುತ್ತದೆಂದು ನೋಡಬೇಕು. ಯಕ್ಷಗಾನ ಮೇಳದ ಕಲಾವಿದರು ತಿರುಗಾಟ ಮುಗಿಯುವವರೆಗೆ ಹಗಲು ಮಲಗಿರುತ್ತಾರೆ. ಘಟ್ಟದ ಮೇಲಿನಿಂದ ಬಂದವರಿಗೆ ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದರೆ ದಾರಿಯೇ ಇರುವುದಿಲ್ಲ. ದೂರವಾಣಿ ಸಂಖ್ಯೆ ಎರಡಾದರೂ ಬರೆದುಕೊಳ್ಳಿ, ಮತ್ತು ಅದರಲ್ಲಿ ಒಂದು ಊರಿನಲ್ಲೇ ಇರುವವರದ್ದಾಗಿರಲಿ. ಬಹಳ ಸಲ ಕೊಡುವುದು ಕೊಲ್ಲಿಯಲ್ಲಿರುವ ಮಗನ ಸಂಖ್ಯೆಯನ್ನು.

ಮಾಹಿತಿಯ ಹಾಳೆಯಲ್ಲಿ ರೋಗಿಯ ಹೆಸರು ಇರಬಾರದು, ಸಂಕೇತ ಸಂಖ್ಯೆ ಮಾತ್ರ ಇರಲಿ. ಹೆಸರು ಮತ್ತು ಸಂಕೇತವನ್ನು ಜೋಡಿಸುವ ಪಟ್ಟಿ ಬೀಗ ಹಾಕಿದ ಕಪಾಟಿನಲ್ಲಿ ಬೇರೆಯಾಗಿ ಇರಲಿ. ವಾಟ್ಸಾಪ್ ಗುಂಪಿನಲ್ಲಿ ಕೇಸ್ ಶೀಟಿನ ಫೋಟೋ ಹಂಚಿಕೊಳ್ಳುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಿ.

ಐದನೆಯ ಹೆಜ್ಜೆ: ಬರೆದು ಮುಗಿಸುವುದು

ವೀಕ್ಷಣಾ ಅಧ್ಯಯನಕ್ಕೆ ಸ್ಟ್ರೋಬ್, ಪ್ರಯೋಗಕ್ಕೆ ಕನ್ಸಾರ್ಟ್ ಎಂಬ ಪರಿಶೀಲನಾ ಪಟ್ಟಿಗಳಿವೆ. ಅವನ್ನು ಬರೆದ ಮೇಲೆ ತೆರೆಯದೆ ಬರೆಯುವ ಮೊದಲೇ ಗೋಡೆಗೆ ಅಂಟಿಸಿಕೊಳ್ಳಿ. ಲೇಖಕರ ಹೆಸರುಗಳ ಕ್ರಮವನ್ನು ಅಧ್ಯಯನ ಆರಂಭವಾಗುವ ದಿನವೇ ಕಾಗದದಲ್ಲಿ ತೀರ್ಮಾನಿಸಿ. ಕೆಲಸದಲ್ಲಿ ಪಾಲ್ಗೊಂಡು, ಬರವಣಿಗೆಯಲ್ಲಿ ಕೈಯಿಟ್ಟು, ಅಂತಿಮ ಪ್ರತಿಯನ್ನು ಒಪ್ಪಿ, ಅದರ ಹೊಣೆಯನ್ನೂ ಹೊರುವವರು ಮಾತ್ರ ಲೇಖಕರು ಎಂಬುದು ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮ. ವಿಭಾಗದ ಮುಖ್ಯಸ್ಥರೆಂಬ ಕಾರಣಕ್ಕೆ ಹೆಸರು ಸೇರಿಸುವುದು ಆ ನಿಯಮದಲ್ಲಿ ಇಲ್ಲ. ಇದನ್ನು ಒಬ್ಬ ಮುಖ್ಯಸ್ಥನಾಗಿಯೇ ಬರೆಯುತ್ತಿದ್ದೇನೆ.

ವ್ಯತ್ಯಾಸ ಕಾಣದಿದ್ದರೆ ಕೈಬಿಡಬೇಡಿ. ಮದರಾಸಿನಲ್ಲಿ ಕ್ಷಯರೋಗಿಗಳನ್ನು ಸ್ಯಾನಟೋರಿಯಂನಲ್ಲಿ ಇಟ್ಟು ಚಿಕಿತ್ಸೆ ಕೊಡುವುದಕ್ಕೂ ಮನೆಯಲ್ಲೇ ಕೊಡುವುದಕ್ಕೂ ಫಲಿತಾಂಶದಲ್ಲಿ ಹೇಳಿಕೊಳ್ಳುವ ಅಂತರವಿಲ್ಲ ಎಂದು 1959ರಲ್ಲಿ ಪ್ರಕಟವಾದ ಅಧ್ಯಯನ, 200ಕ್ಕೂ ಕಡಿಮೆ ರೋಗಿಗಳದ್ದು, ಜಗತ್ತಿನಲ್ಲಿ ಕ್ಷಯದ ಚಿಕಿತ್ಸೆಯನ್ನೇ ಆಸ್ಪತ್ರೆಯ ಹಾಸಿಗೆಯಿಂದ ಮನೆಗೆ ತಂದಿತು. ಹಣ ಕೊಟ್ಟರೆ ವಾರದೊಳಗೆ ಪ್ರಕಟಿಸುತ್ತೇವೆಂದು ಮಿಂಚಂಚೆ ಕಳಿಸುವ ಪತ್ರಿಕೆಗಳಿಗೆ ಮಾತ್ರ ಉತ್ತರ ಬರೆಯಲೂ ಹೋಗಬೇಡಿ.

ಆರನೆಯ ಹೆಜ್ಜೆ: ಪಾಠವನ್ನು ಅದೇ ದಾರಕ್ಕೆ ಪೋಣಿಸುವುದು

ಬೋಧಕರಾಗಲು ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಕೇಳುವ ವೈದ್ಯಕೀಯ ಶಿಕ್ಷಣದ ಮೂಲ ತರಬೇತಿ ಮತ್ತು ಜೈವಿಕ-ವೈದ್ಯಕೀಯ ಸಂಶೋಧನೆಯ ಆನ್‌ಲೈನ್ ಕೋರ್ಸ್, ಎರಡನ್ನೂ ಸೀನಿಯರ್ ರೆಸಿಡೆನ್ಸಿಯ ವರ್ಷದಲ್ಲೇ ಮುಗಿಸಿಬಿಡಿ. ಸಹಾಯಕ ಪ್ರಾಧ್ಯಾಪಕರು ಸಹ ಪ್ರಾಧ್ಯಾಪಕರಾಗಲು ನಾಲ್ಕು ವರ್ಷಗಳ ಸೇವೆಯೂ ಎರಡು ಪ್ರಕಟಿತ ಲೇಖನಗಳೂ ಬೇಕೆಂದು 2022ರ ನಿಯಮಾವಳಿ ಹೇಳಿತ್ತು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಬಡ್ತಿಯ ವರ್ಷದಲ್ಲಿ ಚಾಲ್ತಿಯಲ್ಲಿರುವ ಮೂಲ ಪ್ರತಿಯನ್ನೇ ಓದಿ, ಸಹೋದ್ಯೋಗಿಯ ಬಾಯಿಮಾತನ್ನು ನೆಚ್ಚಬೇಡಿ.

ಪಾಠ ಮತ್ತು ಸಂಶೋಧನೆ ಒಂದಾಗುವುದು ಥೀಸಿಸ್ಸಿನಲ್ಲಿ. ಪ್ರತಿವರ್ಷ ಒಬ್ಬ ಪಿಜಿಗೆ ಸಂಬಂಧವೇ ಇಲ್ಲದ ಹೊಸ ವಿಷಯ ಕೊಡುವ ಬದಲು ಒಂದೇ ಪ್ರಶ್ನೆಯ ಮೆಟ್ಟಿಲುಗಳನ್ನು ಕೊಡಿ. ಮೊದಲನೆಯವರು ಇಲಿಜ್ವರದ ರೋಗಿಗಳು ಯಾವ ಲಕ್ಷಣಗಳೊಂದಿಗೆ ಬರುತ್ತಾರೆಂದು ದಾಖಲಿಸಲಿ, ಎರಡನೆಯವರು ಯಾರಿಗೆ ಡಯಾಲಿಸಿಸ್ ಬೇಕಾಯಿತೆಂದು ನೋಡಲಿ, ಮೂರನೆಯವರು ಮೊದಲ ದಿನದ ಯಾವ ಅಂಕಿಗಳು ಅದನ್ನು ಮೊದಲೇ ಸೂಚಿಸುತ್ತಿದ್ದವೆಂದು ಹುಡುಕಲಿ. ಆರು ವರ್ಷಗಳಲ್ಲಿ ನಿಮ್ಮ ಬಳಿ ಮೂರು ಥೀಸಿಸ್ ಅಲ್ಲ, ಒಂದು ಕೆಲಸ ಇರುತ್ತದೆ. ಆದರೆ ಮೊದಲ ಲೇಖಕರ ಸ್ಥಾನ ದುಡಿದ ವಿದ್ಯಾರ್ಥಿಯದ್ದು. ಇಲ್ಲಿ ಜಿಪುಣತನ ತೋರಿದ ಮಾರ್ಗದರ್ಶಕರ ಬಳಿ ನಾಲ್ಕನೆಯ ವರ್ಷ ಯಾರೂ ಹೋಗುವುದಿಲ್ಲ.

ಹಾಸಿಗೆ ಬದಿಯ ಪಾಠಕ್ಕೆ ಒಂದೇ ಸಲಹೆ. ಇಪ್ಪತ್ತು ವಿದ್ಯಾರ್ಥಿಗಳು ಸುತ್ತ ನಿಂತು ತನಗೆ ತಿಳಿಯದ ಭಾಷೆಯಲ್ಲಿ ತನ್ನ ಹೊಟ್ಟೆಯ ಬಗ್ಗೆ ಅರ್ಧ ಗಂಟೆ ಮಾತನಾಡುವುದನ್ನು ಕೇಳಿಸಿಕೊಂಡ ರೋಗಿಗೆ, ಕೊನೆಯ ಎರಡು ನಿಮಿಷ ಅವರ ಭಾಷೆಯಲ್ಲಿ ವಿಷಯವೇನೆಂದು ಹೇಳುವ ಕೆಲಸವನ್ನು ಒಬ್ಬ ವಿದ್ಯಾರ್ಥಿಗೆ ವಹಿಸಿ. ಯಾರಿಗೆ ಕಾಯಿಲೆ ಅರ್ಥವಾಗಿದೆ ಎಂಬುದು ಆಗ ತಿಳಿಯುತ್ತದೆ.

ಏಳನೆಯ ಹೆಜ್ಜೆ: ಹೊಣೆ ಹೊರುವುದು

ನಾಯಕತ್ವ ವಿಭಾಗದ ಮುಖ್ಯಸ್ಥರ ಕುರ್ಚಿಯಿಂದ ಆರಂಭವಾಗುವುದಿಲ್ಲ, ಡ್ಯೂಟಿ ರೋಸ್ಟರಿನಿಂದ ಆರಂಭವಾಗುತ್ತದೆ. ಯಾರಿಗೂ ಬೇಡವಾದ ಕೆಲಸವೊಂದನ್ನು, ಉದಾಹರಣೆಗೆ ಆಂಟಿಬಯಾಟಿಕ್ ಬಳಕೆಯ ಸಮಿತಿಯನ್ನೋ ತಿಂಗಳ ಮರಣ ಪರಿಶೀಲನಾ ಸಭೆಯನ್ನೋ, ಕೇಳಿ ತೆಗೆದುಕೊಳ್ಳಿ. ಆ ಸಭೆಯಲ್ಲಿ 'ಯಾರು ತಪ್ಪಿದರು' ಎಂಬ ಪ್ರಶ್ನೆಗೆ ಎಡೆಕೊಡದೆ 'ಎಲ್ಲಿ ತಡವಾಯಿತು' ಎಂದಷ್ಟೇ ಕೇಳುತ್ತಾ ಹೋದರೆ, ಮೂರನೆಯ ತಿಂಗಳಿಗೆ ಹೌಸ್ ಸರ್ಜನ್ ಕೂಡ ಬಾಯಿಬಿಡುತ್ತಾರೆ: ರಕ್ತದ ಮಾದರಿ ರಾತ್ರಿ ಎರಡು ಗಂಟೆಗೆ ಲ್ಯಾಬಿಗೆ ಹೋಗಲು ಆಳಿರಲಿಲ್ಲ, ಡಯಾಲಿಸಿಸ್‌ಗೆ ಕರೆ ಮಾಡಲು ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿರಲಿಲ್ಲ. ಇವುಗಳಲ್ಲಿ ಅರ್ಧ ಸರಿಪಡಿಸುವಂಥವು, ಇನ್ನರ್ಧ ನಿಮ್ಮ ಮುಂದಿನ ಅಧ್ಯಯನದ ಪ್ರಶ್ನೆಗಳು.

ಮುಖ್ಯಸ್ಥರಾದ ಮೇಲೆ ಎಲ್ಲ ಬೋಧಕರಿಗೂ ವಾರಕ್ಕೆ ಅರ್ಧ ದಿನವನ್ನು ಕರೆಯಿಲ್ಲದ ಸಂಶೋಧನಾ ಸಮಯವೆಂದು ರೋಸ್ಟರಿನಲ್ಲೇ ಬರೆಯಿರಿ. ಬಾಯಿಮಾತಿನ ಸಮಯ ಯಾರಿಗೂ ಸಿಗುವುದಿಲ್ಲ. ನೀವು ಒಂದು ಓಪಿಡಿಯನ್ನೂ ಒಂದು ರೌಂಡ್ಸನ್ನೂ ಬಿಡಬೇಡಿ, ಏಕೆಂದರೆ ವಾರ್ಡು ಬಿಟ್ಟ ವೈದ್ಯನಿಗೆ ಹೊಸ ಪ್ರಶ್ನೆಗಳು ಬರುವುದು ನಿಲ್ಲುತ್ತದೆ. ಹಣದ ಮಾತು ಚಿಕ್ಕದು: ಮೊದಲ ಅಧ್ಯಯನವನ್ನು ಹಣವಿಲ್ಲದೆ ಮಾಡಿ, ಎರಡನೆಯದಕ್ಕೆ ವಿಶ್ವವಿದ್ಯಾಲಯದ ಬೀಜಧನ ಕೇಳಿ, ಆ ಎರಡರ ಫಲಿತಾಂಶಗಳನ್ನು ಹಿಡಿದುಕೊಂಡು ಐಸಿಎಂಆರ್‌ಗೋ ವೈದ್ಯರಿಗೆಂದೇ ಫೆಲೋಶಿಪ್ ಕೊಡುವ ಇಂಡಿಯಾ ಅಲಯನ್ಸ್‌ಗೋ ಅರ್ಜಿ ಹಾಕಿ.

ಹತ್ತನೆಯ ವರ್ಷದ ಹೊತ್ತಿಗೆ ನಿಮ್ಮ ಬಳಿ ಥೀಸಿಸ್ ಮಾಡಿದ ಯಾರಾದರೊಬ್ಬರು ನಿಮಗಿಂತ ಚೆನ್ನಾಗಿ ಆ ಪ್ರಶ್ನೆಯನ್ನು ಕೇಳುತ್ತಿರುತ್ತಾರೆ. ಮುಂದಿನ ಅರ್ಜಿಯಲ್ಲಿ ಪ್ರಧಾನ ಸಂಶೋಧಕರ ಜಾಗದಲ್ಲಿ ಅವರ ಹೆಸರು ಬರೆದು, ನೈತಿಕ ಸಮಿತಿಗೆ ಅದನ್ನು ಪತ್ರದಲ್ಲಿ ತಿಳಿಸಿ, ಒಪ್ಪಿಗೆ ಪತ್ರಗಳಿರುವ ಕಪಾಟಿನ ಬೀಗದ ಕೈಯನ್ನು ರಿಜಿಸ್ಟರಿನಲ್ಲಿ ಸಹಿ ಪಡೆದು ಅವರಿಗೆ ಕೊಡಿ. ಮುಂದಿನ ವಾರದ ಸಂಶೋಧನಾ ಸಭೆಯಲ್ಲಿ ನಿಮ್ಮ ಕುರ್ಚಿ ಮೇಜಿನ ಬದಿಯದ್ದು.